ಕಡಿವಾಣದಿಂದ ಕಣ್ಸನ್ನೆಗೆ: ಕುದುರೆ ಪಳಗಿಸುವ ಅಂಗಳದಲ್ಲಿ ವಿಧೇಯತೆಯ ಪಾಠ

ಬೈಬಲಿನ 32ನೇ ಕೀರ್ತನೆಯಲ್ಲಿ ಕುದುರೆಯ ಹೆಸರು ಬರುವುದು ಒಂದೇ ಸಲ, ಅದೂ ಬೈಗುಳದ ಧಾಟಿಯಲ್ಲಿ. ಬುದ್ಧಿಯಿಲ್ಲದ ಕುದುರೆಯ ಹಾಗೆ, ಹೇಸರಗತ್ತೆಯ ಹಾಗೆ ಆಗಬೇಡಿ, ಬಾರು ಕಡಿವಾಣಗಳಿಂದಲೇ ಅವನ್ನು ಹಿಡಿತಕ್ಕೆ ತರಬೇಕಾಗುತ್ತದೆ ಎನ್ನುತ್ತದೆ 9ನೇ ವಚನ. ಅದಕ್ಕೆ ಮುಂಚಿನ 8ನೇ ವಚನದಲ್ಲಿ ದೇವರು ಹೇಳುವುದೇ ಬೇರೆ: ನಡೆಯಬೇಕಾದ ದಾರಿ ತೋರಿಸುತ್ತೇನೆ, ನಿನ್ನ ಮೇಲೆ ಕಣ್ಣಿಟ್ಟು ಬುದ್ಧಿ ಹೇಳುತ್ತೇನೆ. ಒಂದು ಕಡೆ ಕಬ್ಬಿಣ, ಇನ್ನೊಂದು ಕಡೆ ಕಣ್ಣು. ಈ ಎರಡು ವಚನಗಳ ನಡುವೆ ಎಷ್ಟು ದೂರವಿದೆ ಎಂಬುದು ಕುದುರೆ ಪಳಗಿಸುವವರಿಗೆ ಚೆನ್ನಾಗಿ ಗೊತ್ತು, ಏಕೆಂದರೆ ಅವರ ದಿನನಿತ್ಯದ ದುಡಿಮೆ ಅದೇ. ಮೊದಲ ದಿನ ಹಗ್ಗ ಜಗ್ಗಿದರೂ ಕದಲದ ಪ್ರಾಣಿ ಕೊನೆಗೆ ಸವಾರ ಕತ್ತು ಹೊರಳಿಸಿ ನೋಡಿದ ಕಡೆಗೇ ಹೊರಳುವಂತಾಗಬೇಕು.

ಬೈಬಲ್ ಅಧ್ಯಯನದ ಗುಂಪು, ಯುವಜನರ ಶಿಬಿರ ಅಥವಾ ಒಂದು ಕುಟುಂಬ ಆ ದಾರಿಯನ್ನು ಕುದುರೆಯ ಪಕ್ಕದಲ್ಲೇ ನಿಂತು ನೋಡುವುದಕ್ಕೆ ಬೇಕಾದ ಕ್ರಮ ಇಲ್ಲಿದೆ. ಒಟ್ಟು ಏಳು ಹೆಜ್ಜೆ. ವಾರಕ್ಕೊಂದು ಭೇಟಿ, ಒಂದೊಂದಕ್ಕೆ ಸುಮಾರು 90 ನಿಮಿಷ. ಅದರಲ್ಲಿ ಕುದುರೆಯ ಜೊತೆಗಿನ ಕೆಲಸ 20 ನಿಮಿಷ ದಾಟಬಾರದು, ಉಳಿದದ್ದು ಓದು, ಮೌನ, ಮಾತು. ಕುದುರೆ ಸಿಗದವರು ಪ್ರತಿ ಹೆಜ್ಜೆಯ ಕೊನೆಗಿರುವ ವಾರದ ಅಭ್ಯಾಸವನ್ನಷ್ಟೇ ಮಾಡಬಹುದು. ಆದರೆ ಕೈಗೆ ಹಗ್ಗ ಸಿಕ್ಕವರಿಗೆ ಎರಡನೆಯ ಹೆಜ್ಜೆ ಅರ್ಥವಾಗುವ ರೀತಿಯೇ ಬೇರೆ.

ಮೊದಲು ಸಿದ್ಧತೆ

ಗುಂಪಿನಲ್ಲಿ ಎಂಟು ಜನರಿಗಿಂತ ಹೆಚ್ಚು ಬೇಡ. ಕುದುರೆ ಹತ್ತು ವರ್ಷ ದಾಟಿದ್ದು, ಹೊಸ ಮುಖಗಳಿಗೆ ಒಗ್ಗಿದ್ದು, ಮತ್ತು ಅದನ್ನು ದಿನಾ ನೋಡಿಕೊಳ್ಳುವವರು ಜೊತೆಯಲ್ಲೇ ಇರಬೇಕು. ನಾಟಕೀಯವಾಗಿರಲಿ ಎಂದು ಪಳಗದ ಮರಿಯನ್ನು ತರಿಸುವ ಆಸೆ ಕೆಲವು ಶಿಬಿರ ನಡೆಸುವವರಿಗಿರುತ್ತದೆ. ಬೇಡ. ಸಾಮಾನ್ಯ ಸವಾರಿ ಕುದುರೆಯೇ 450ರಿಂದ 500 ಕೆ.ಜಿ. ತೂಗುತ್ತದೆ. ಹೆದರಿದ ಮರಿ ಯಾರ ಪಾದ ಮೆಟ್ಟಿದರೂ ಆ ದಿನದ ಪಾಠ ಅಲ್ಲಿಗೆ ಮುಗಿಯಿತು.

ಬಾಯಿಗೆ ಕಬ್ಬಿಣವಿಲ್ಲದ ಮುಖಪಟ್ಟಿ, ಅಂದರೆ ಹಾಲ್ಟರ್, ಅದಕ್ಕೆ ಮೂರೂವರೆ ಮೀಟರಿನ ದಪ್ಪ ಹಗ್ಗ, 15ರಿಂದ 18 ಮೀಟರ್ ಅಡ್ಡಳತೆಯ ದುಂಡು ಆವರಣ, ಎಲ್ಲರಿಗೂ ಹೆಲ್ಮೆಟ್ ಮತ್ತು ಬೆರಳು ಮುಚ್ಚುವ ಗಟ್ಟಿ ಶೂ ಇದ್ದರೆ ಸಾಕು. ಹಗ್ಗವನ್ನು ಕೈಗೆ ಯಾವತ್ತೂ ಸುತ್ತಿಕೊಳ್ಳಬಾರದು. ಮಡಚಿ ಮುಷ್ಟಿಯಲ್ಲಿ ಹಿಡಿಯಬೇಕು, ಕುದುರೆ ಓಡಿದರೆ ಮಡಿಕೆ ಬಿಚ್ಚಿಕೊಂಡು ಹೋಗುತ್ತದೆ, ಸುತ್ತಿಕೊಂಡಿದ್ದರೆ ಬೆರಳೂ ಜೊತೆಗೆ ಹೋಗುತ್ತದೆ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುಮಾರು 350 ಡಿಗ್ರಿ ಸುತ್ತಳತೆ ಅದಕ್ಕೆ ಕಾಣುತ್ತದೆ. ಕಾಣದಿರುವುದು ಎರಡೇ ಕಡೆ: ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ. ಆ ಎರಡೂ ಕಡೆಯಿಂದ ಹತ್ತಿರ ಹೋಗದೆ, ಮಾತಾಡಿಸುತ್ತಾ ಭುಜದ ಕಡೆಯಿಂದ ಹೋಗಿ.

ಅಂಗಳಕ್ಕೆ ಇಳಿಯುವ ಮುನ್ನ 32ನೇ ಕೀರ್ತನೆಯನ್ನು ಪೂರ್ತಿ, ಗಟ್ಟಿಯಾಗಿ, ಎರಡು ಸಲ ಓದಿ. ವಿವರಣೆ ಕೊಡಬೇಡಿ.

1. ಕಿವಿ ನೋಡುವುದು

ಮೊದಲ ಭೇಟಿಯಲ್ಲಿ ಯಾರೂ ಕುದುರೆಯನ್ನು ಮುಟ್ಟುವುದಿಲ್ಲ. ಬೇಲಿಯ ಹೊರಗೆ ನಿಂತು 20 ನಿಮಿಷ ಅದರ ಕಿವಿಗಳನ್ನಷ್ಟೇ ನೋಡುವುದು. ಎರಡೂ ಕಿವಿ ಬೇರೆ ಬೇರೆಯಾಗಿ, ಹೆಚ್ಚುಕಡಿಮೆ ಅರ್ಧ ಸುತ್ತು ತಿರುಗಬಲ್ಲವು. ನೋಡಿಕೊಳ್ಳುವವರು ಅಂಗಳದಲ್ಲಿ ಸುಮ್ಮನೆ ಅಡ್ಡಾಡಲಿ. ಹುಲ್ಲು ಮೇಯುತ್ತಾ ತಲೆ ತಗ್ಗಿಸಿದ ಕುದುರೆಯ ಒಂದು ಕಿವಿ ಅವರ ಹಿಂದೆಯೇ ಹೊರಳುತ್ತಾ ಇರುವುದನ್ನು ಯಾರು ಮೊದಲು ಗಮನಿಸುತ್ತಾರೆ ನೋಡಿ. ಬಾಯಿ ಹುಲ್ಲಿನಲ್ಲಿ, ಕಿವಿ ಮಾತ್ರ ಯಜಮಾನರ ಮೇಲೆ. ಎರಡೂ ಕಿವಿ ಕತ್ತಿಗೆ ಅಂಟಿದಂತೆ ಹಿಂದಕ್ಕೆ ಮಡಚಿಕೊಂಡರೆ ಸಿಟ್ಟು. ಎರಡೂ ದೂರದ ಒಂದೇ ಕಡೆ ನೆಟ್ಟಿದ್ದರೆ ಮನಸ್ಸು ಇಲ್ಲಿಲ್ಲ.

ಈಗ ಧರ್ಮೋಪದೇಶಕಾಂಡ 6:4 ಓದಿ. ‘ಇಸ್ರಾಯೇಲೇ, ಕೇಳು’ ಎಂಬಲ್ಲಿ ಹೀಬ್ರೂ ಭಾಷೆಯ ಮೂಲಪದ ‘ಶಮಾ’. ಕಿವಿಗೆ ಬೀಳುವುದಕ್ಕೂ ಹೇಳಿದಂತೆ ನಡೆಯುವುದಕ್ಕೂ ಆ ಭಾಷೆಯಲ್ಲಿ ಅದೊಂದೇ ಪದ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ವಿಧೇಯತೆಗಿರುವ ‘ಹುಪಕೊಎ’ ಪದದ ಬೇರಿನಲ್ಲೂ ಕೇಳುವ ಕ್ರಿಯೆಯೇ ಇದೆ. ಬೇರೆ ಭಾಷೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಬಹುದು, ಕನ್ನಡದವರಿಗೆ ಬೇಡ. ‘ಹುಡುಗ ಮಾತು ಕೇಳುತ್ತಾನೆ’ ಎಂದರೆ ಅವನ ಕಿವಿ ಚುರುಕು ಎಂದು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ.

ವಾರದ ಅಭ್ಯಾಸ: ದಿನಕ್ಕೆ ಐದರಿಂದ ಹತ್ತು ವಚನಗಳು, ಗಟ್ಟಿಯಾಗಿ ಎರಡು ಓದು, ಆಮೇಲೆ ಮೂರು ನಿಮಿಷ ಮೌನ. ಬೇಡಿಕೆಗಳು ಆ ಮೌನದ ನಂತರ. ಅಂದು ಕತ್ತಲಾಗುವುದರೊಳಗೆ ಮಾಡಿ ಮುಗಿಸಬಹುದಾದ ಒಂದೇ ಒಂದು ಕೆಲಸ ಬರೆದುಕೊಳ್ಳಿ. ಇಲ್ಲಿ ಎಡವುವುದು ಹೀಗೆ: ಜನ ದೊಡ್ಡದನ್ನು ಬರೆಯುತ್ತಾರೆ. ‘ಜೀವನವನ್ನೇ ಒಪ್ಪಿಸುತ್ತೇನೆ’ ಎಂದು ಬರೆದ ಹಾಳೆಯನ್ನು ಸಂಜೆ ಪರೀಕ್ಷಿಸುವುದು ಹೇಗೆ? ಎರವಲು ತಂದ ವಸ್ತು ಹಿಂದಿರುಗಿಸುವುದು, ತಪ್ಪಿದ ಫೋನ್ ಕರೆ ಮಾಡುವುದು, ಆಡಿದ ಒಂದು ಮಾತಿಗೆ ಕ್ಷಮೆ ಕೇಳುವುದು, ಇಷ್ಟು ಸಣ್ಣದಿರಲಿ. ಲೂಕ 16:10 ಹೇಳುವುದೂ ಸ್ವಲ್ಪದರಲ್ಲಿ ನಂಬಿಗಸ್ತರಾಗುವ ಮಾತನ್ನೇ.

2. ಒತ್ತುವುದು, ಬಿಡುವುದು

ಏಳರಲ್ಲಿ ಇದು ಮುಖ್ಯ ಹೆಜ್ಜೆ, ಎರಡು ಭೇಟಿ ತೆಗೆದುಕೊಂಡರೂ ನಷ್ಟವಿಲ್ಲ. ಕುದುರೆಗೆ ಕಲಿಸುವುದು ಒತ್ತಡವಲ್ಲ, ಒತ್ತಡ ತಪ್ಪಿದ ಕ್ಷಣ. ಒತ್ತಡ ಒಂದು ಪ್ರಶ್ನೆ ಮಾತ್ರ, ‘ಹೌದು, ಇದೇ’ ಎಂಬ ಉತ್ತರ ಸಿಗುವುದು ಕೈ ಬಿಟ್ಟಾಗ. ಮೈಮೇಲೆ ನೊಣ ಕೂತರೆ ಅಷ್ಟೇ ಜಾಗದ ಚರ್ಮವನ್ನು ಅದುರಿಸಿ ಓಡಿಸುವ ಪ್ರಾಣಿ ಇದು. ಇದಕ್ಕೆ ಬಲ ಬೇಕಾಗಿಲ್ಲ, ಸಮಯ ತಪ್ಪದಿದ್ದರೆ ಸಾಕು.

ಹಿಂದಕ್ಕೆ ಹೆಜ್ಜೆ ಹಾಕಿಸುವುದನ್ನು ಒಬ್ಬೊಬ್ಬರಾಗಿ ಹೀಗೆ ಮಾಡಿ. ಕುದುರೆಯ ಎದುರಿಗೆ, ತುಸು ಪಕ್ಕಕ್ಕೆ ನಿಂತು, ಹಾಲ್ಟರಿನಿಂದ ಒಂದು ಗೇಣು ಕೆಳಗೆ ಹಗ್ಗ ಹಿಡಿಯಿರಿ. ಮೊದಲು ಬೆನ್ನು ನೆಟ್ಟಗೆ ಮಾಡಿ ಅದರ ಎದೆಯನ್ನು ನೋಡಿ, ಮನಸ್ಸಿನಲ್ಲಿ ಎರಡರವರೆಗೆ ಎಣಿಸಿ. ಕದಲದಿದ್ದರೆ ಹಗ್ಗವನ್ನು ಅದರ ಎದೆಯ ಕಡೆಗೆ ಒತ್ತಿ, ಮಾಗಿದ ಹಣ್ಣನ್ನು ಪರೀಕ್ಷಿಸಲು ಬೆರಳು ಒತ್ತುತ್ತೇವಲ್ಲ, ಅಷ್ಟು. ಮತ್ತೆ ಎರಡು ಎಣಿಕೆ. ಇನ್ನೂ ಇಲ್ಲದಿದ್ದರೆ ಸ್ವಲ್ಪ ಹೆಚ್ಚಿಸಿ, ಅಲ್ಲೇ ನಿಲ್ಲಿಸಿ. ಜಗ್ಗಾಡಬೇಡಿ, ಸಡಿಲಿಸಲೂ ಬೇಡಿ. ಈಗ ಅದರ ಮುಂಗಾಲು ನೋಡಿ. ಗೊರಸು ಮೇಲೇಳುವ ಮುನ್ನವೇ ಮೈಯ ಭಾರ ಹಿಂಗಾಲಿಗೆ ಜಾರುತ್ತದೆ, ಎದೆಯ ಸ್ನಾಯು ಒಂದಿಷ್ಟು ಮೆದುವಾಗುತ್ತದೆ. ಬೆರಳು ತೆರೆಯಬೇಕಾದದ್ದು ಆಗ. ಪೂರ್ತಿ ಹೆಜ್ಜೆಗಾಗಿ ಕಾಯಬೇಡಿ. ಹತ್ತು ಸೆಕೆಂಡು ಬಿಟ್ಟು ಮತ್ತೆ ಮೊದಲಿನಿಂದ, ನೋಟದಿಂದಲೇ, ಶುರು. ತಿಳಿದ ಕುದುರೆಯಾದರೆ ಐದಾರನೆಯ ಸಲಕ್ಕೆ ನೀವು ಬೆನ್ನು ನೆಟ್ಟಗೆ ಮಾಡಿದ ಕೂಡಲೇ ಹಿಂದೆ ಸರಿಯುತ್ತದೆ.

ಬಿಡುವುದು ಒಂದು ಸೆಕೆಂಡಿನೊಳಗೆ ಆಗಬೇಕು. ತಡವಾದರೆ ಕುದುರೆ ಕಲಿಯುವುದು ನೀವು ಬಿಟ್ಟ ಕ್ಷಣದಲ್ಲಿ ಅದು ಏನು ಮಾಡುತ್ತಿತ್ತೋ ಅದನ್ನು. ತಲೆ ಎತ್ತಿ ಒದರಿದಾಗ ಹೆದರಿ ಕೈ ಬಿಟ್ಟಿರೋ, ತಲೆ ಒದರುವುದೇ ಸರಿಯುತ್ತರ ಎಂದು ಕಲಿಸಿದ ಹಾಗಾಯಿತು. ನಾಳೆಯಿಂದ ಇನ್ನೂ ಜೋರಾಗಿ ಒದರುತ್ತದೆ.

ಈಗ ಕೀರ್ತನೆಯ 3ರಿಂದ 5ನೇ ವಚನಕ್ಕೆ ಬನ್ನಿ. ಪಾಪವನ್ನು ಮುಚ್ಚಿಟ್ಟುಕೊಂಡು ಬಾಯಿ ಬಿಡದಿದ್ದಾಗ ಎಲುಬುಗಳು ಸವೆದವು, ಹಗಲಿರುಳು ನಿನ್ನ ಕೈ ನನ್ನ ಮೇಲೆ ಭಾರವಾಗಿತ್ತು ಎನ್ನುತ್ತಾನೆ ಕವಿ. ಆಮೇಲೆ: ಒಪ್ಪಿಕೊಳ್ಳುತ್ತೇನೆ ಅಂದುಕೊಂಡೆ, ನೀನು ಕ್ಷಮಿಸಿದೆ. ನಡುವೆ ಏನೂ ಇಲ್ಲ. ವಿಚಾರಣೆಯಿಲ್ಲ, ಕಾಯಿಸುವುದಿಲ್ಲ. ಲೂಕ 15:20ರಲ್ಲಿ ಮನೆ ಬಿಟ್ಟುಹೋಗಿದ್ದ ಮಗ ಹಿಂದಿರುಗುತ್ತಾ ಇನ್ನೂ ದೂರದಲ್ಲಿರುವಾಗಲೇ ತಂದೆ ಓಡಿಬರುತ್ತಾನೆ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ ಮಾತನ್ನು ಮಗ ಆಡುವುದು ಅಪ್ಪನ ತೋಳಿನಲ್ಲಿ ಸಿಕ್ಕಮೇಲೆ. ಗೊರಸು ಏಳುವ ಮುನ್ನವೇ, ಭಾರ ಜಾರಿದಾಗಲೇ, ಬೆರಳು ತೆರೆದ ಕೈ ಅದು.

ಈ ಹೆಜ್ಜೆಯಲ್ಲಿ ತಪ್ಪಾಗುವುದು ಮೂರು ಕಡೆ.

ಒಂದು, ಬಂದ ಕಷ್ಟವೆಲ್ಲ ದೇವರು ಜಗ್ಗಿದ ಹಗ್ಗ ಎಂದುಕೊಳ್ಳುವುದು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನಿಗೆ ಅವನ ಸ್ನೇಹಿತರು ಹೇಳಿದ್ದು ಇದನ್ನೇ, ದೇವರು ಗದರಿದ್ದು ಆ ಸ್ನೇಹಿತರನ್ನು. ಹುಟ್ಟುಕುರುಡನ ವಿಷಯದಲ್ಲಿ ಯಾರ ಪಾಪ ಎಂದು ಶಿಷ್ಯರು ಕೇಳಿದಾಗ ಯೇಸು ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದನು (ಯೋಹಾನ 9:3). ಗುಂಪಿನಲ್ಲಿ ಕಾಯಿಲೆಯವರೋ ಮಗುವನ್ನು ಕಳೆದುಕೊಂಡವರೋ ಇರಬಹುದು. ಹಾಗಾಗಿ ಮುಂದಾಳು ಈ ಮಾತನ್ನು ಬಾಯಿಬಿಟ್ಟು ಹೇಳಲೇಬೇಕು: ಕೀರ್ತನೆ ಮಾತಾಡುತ್ತಿರುವುದು ಮುಚ್ಚಿಟ್ಟ ಪಾಪದ ಭಾರದ ಬಗ್ಗೆ, ಎಲ್ಲ ಭಾರಗಳ ಬಗ್ಗೆ ಅಲ್ಲ.

ಎರಡು, ಬಿಡದಿರುವುದು. ಸದಾ ಲಗಾಮು ಬಿಗಿಹಿಡಿದರೆ ಕುದುರೆಯ ಬಾಯಿ ಮರಗಟ್ಟುತ್ತದೆ, ಆಮೇಲೆ ಎಷ್ಟು ಜಗ್ಗಿದರೂ ಅದಕ್ಕೆ ಲೆಕ್ಕವಿಲ್ಲ. ದಿನವಿಡೀ ಗೊಣಗುವ ತಂದೆತಾಯಿಗೆ, ವಾರವಾರವೂ ಅದೇ ಗದರಿಕೆಯ ಪ್ರಸಂಗಕ್ಕೆ ಆಗುವುದೂ ಇದೇ. ಮಕ್ಕಳನ್ನು ಕೆಣಕಿ ಮನಗುಂದಿಸಬೇಡಿ ಎಂಬ ಕೊಲೊಸ್ಸೆ 3:21 ನೇರ ಇಲ್ಲಿಗೆ ಬಂದು ಸೇರುತ್ತದೆ. ಕ್ಷಮೆ ಸಿಕ್ಕಮೇಲೂ ಅದೇ ಪಾಪವನ್ನು ಹತ್ತು ವರ್ಷ ಒಪ್ಪಿಕೊಳ್ಳುತ್ತಲೇ ಇರುವವರಿದ್ದಾರೆ. ದೇವರ ಕೈ ಎಂದೋ ತೆರೆದಿದೆ, ಹಗ್ಗ ಜಗ್ಗುತ್ತಿರುವುದು ಅವರೇ.

ಮೂರು, ತಲೆ ಒದರಿ ಬಿಡಿಸಿಕೊಳ್ಳುವುದು. ಅಪೊಸ್ತಲರ ಕೃತ್ಯಗಳು 24:25ರಲ್ಲಿ ಸೆರೆಯಲ್ಲಿದ್ದ ಅಪೊಸ್ತಲ ಪೌಲನ ಮಾತಿಗೆ ಭಯಗೊಂಡ ದೇಶಾಧಿಪತಿ ಫೇಲಿಕ್ಸ್ ‘ಸದ್ಯಕ್ಕೆ ಹೋಗು, ಬಿಡುವಾದಾಗ ಕರೆಸುತ್ತೇನೆ’ ಎಂದನು. ಒತ್ತಡ ತಪ್ಪಿತು. ಮುಂದೂಡಿದರೆ ನಿರಾಳವಾಗುತ್ತದೆ ಎಂದು ಅವನು ತನಗೆ ತಾನೇ ಕಲಿಸಿಕೊಂಡ. ಆಮೇಲೂ ಹಲವು ಸಲ ಪೌಲನನ್ನು ಕರೆಸಿದನಂತೆ, ಆದರೆ ಲಂಚದ ಆಸೆಯಿಂದ. ಮನಸ್ಸಾಕ್ಷಿ ಚುಚ್ಚಿದಾಗಲೆಲ್ಲ ಫೋನ್ ಕೈಗೆತ್ತಿಕೊಳ್ಳುವವರು ಈ ಪಾಠವನ್ನು ದಿನಕ್ಕೆ ಹತ್ತು ಸಲ ಕಲಿಯುತ್ತಿದ್ದಾರೆ.

ವಾರದ ಅಭ್ಯಾಸ: ಚುಚ್ಚಿದ ಒಂದು ವಿಷಯ ಬರೆಯಿರಿ, ಮುಂದೆ ಗಂಟೆ ನಮೂದಿಸಿ. ಅದೇ ದಿನ ದೇವರ ಮುಂದೆ ಹೆಸರಿಟ್ಟು ಹೇಳಿ. 5ನೇ ವಚನ ಓದಿ, ಹಾಳೆ ಹರಿದು ಹಾಕಿ. ಹರಿದದ್ದನ್ನು ಮರುದಿನ ಮತ್ತೆ ಬರೆಯುವಂತಿಲ್ಲ.

3. ಭಯದ ಜೊತೆ ಕೆಲಸ

ನೆಲಕ್ಕೆ ಎರಡು ಮೀಟರ್ ಅಗಲ, ಮೂರು ಮೀಟರ್ ಉದ್ದದ ಪ್ಲಾಸ್ಟಿಕ್ ತಾಡಪಾಲು ಹಾಸಿ, ನಾಲ್ಕು ಮೂಲೆಗೂ ಮಣ್ಣು ಹೇರಿ. ಈ ಕೆಲಸ ನೋಡಿಕೊಳ್ಳುವವರೇ ಮಾಡಲಿ, ಗುಂಪು ಬೇಲಿಯ ಹೊರಗಿರಲಿ. ಕುದುರೆಯನ್ನು ತಾಡಪಾಲಿನ ಕಡೆಗೆ ನಡೆಸುತ್ತಾ ಬಂದರೆ ಒಂದು ಗೆರೆಯಲ್ಲಿ ಅದರ ತಲೆ ಮೇಲೇಳುತ್ತದೆ, ಎರಡೂ ಕಿವಿ ನೆಟ್ಟಗಾಗುತ್ತವೆ, ಉಸಿರು ನಿಲ್ಲುತ್ತದೆ. ಅಲ್ಲೇ ನಿಲ್ಲಬೇಕು. ತಲೆ ಇಳಿಯುವವರೆಗೆ ಕಾದು, ಎರಡು ಹೆಜ್ಜೆ ಹಿಂದಕ್ಕೆ ಕರೆದೊಯ್ದು, ತಿರುಗಿಸಿ ತಂದು, ಈ ಸಲ ಅದೇ ಗೆರೆಗೆ ಅರ್ಧ ಹೆಜ್ಜೆ ಹತ್ತಿರ. ಹತ್ತು ಹದಿನೈದು ನಿಮಿಷದಲ್ಲಿ ಅದು ತಾನಾಗಿ ಮೂತಿ ಚಾಚಿ ಪ್ಲಾಸ್ಟಿಕ್ಕನ್ನು ಮೂಸಬಹುದು, ಒಂದು ಗೊರಸಿನಿಂದ ಕೆರೆಯಬಹುದು. ಅಂದಿಗೆ ಅಷ್ಟು ಸಾಕು.

ಇನ್ನೊಂದು ದಾರಿಯೂ ಇದೆ. ಓಡದ ಹಾಗೆ ಕಟ್ಟಿಹಾಕಿ, ಪ್ಲಾಸ್ಟಿಕ್ಕನ್ನು ಮೈಮೇಲೆಲ್ಲ ಬಡಿಯುತ್ತಾ ಹೋದರೆ ಕುದುರೆ ಕೊನೆಗೆ ಸುಮ್ಮನಾಗುತ್ತದೆ. ನೋಡಿದವರು ‘ಆಹಾ, ಪಳಗಿತು’ ಎನ್ನುತ್ತಾರೆ. ಅದು ಪಳಗಿದ್ದಲ್ಲ, ಕೈಚೆಲ್ಲಿದ್ದು. ವ್ಯತ್ಯಾಸ ಹೀಗೆ ಗುರುತಿಸಬಹುದು: ನಿಜವಾಗಿ ಸಮಾಧಾನಗೊಂಡ ಕುದುರೆಯ ತಲೆ ಬೆನ್ನಿನ ಮಟ್ಟಕ್ಕೆ ಇಳಿದಿರುತ್ತದೆ, ಕಣ್ಣು ಮಿಟುಕುತ್ತಿರುತ್ತದೆ, ಒಂದು ಹಿಂಗಾಲು ಸಡಿಲವಾಗಿರುತ್ತದೆ, ಕಿವಿಗಳು ಅತ್ತಿತ್ತ ಆಡುತ್ತಿರುತ್ತವೆ. ಕೈಚೆಲ್ಲಿದ ಕುದುರೆ ಕಲ್ಲಿನ ಹಾಗೆ ನಿಂತಿರುತ್ತದೆ, ನೋಟ ಎಲ್ಲೋ ನೆಟ್ಟಿರುತ್ತದೆ, ಹೊಟ್ಟೆಯ ಪಕ್ಕೆ ಬಿಗಿದಿರುತ್ತದೆ, ಕರೆದರೆ ಕಿವಿ ಹೊರಳುವುದಿಲ್ಲ. ನಾಲಿಗೆ ಚಪ್ಪರಿಸಿದರೆ ಶರಣಾಯಿತು ಎಂದು ಹೇಳುವ ವಾಡಿಕೆಯಿದೆ. ಅದಕ್ಕೆ ಅಷ್ಟು ಅರ್ಥ ಕೊಡಬೇಡಿ, ಬಿಗಿತ ಸಡಿಲವಾಗುವಾಗ ಅದು ಕಾಣಿಸುತ್ತದೆ, ಎಂದರೆ ಮುಂಚೆ ಬಿಗಿತ ಇತ್ತು ಎಂದಷ್ಟೇ.

ಸಭೆಗಳಲ್ಲೂ ಈ ಎರಡು ಬಗೆಯ ಸುಮ್ಮನಿರುವಿಕೆ ಇದೆ. ಎರಡನೆಯದನ್ನು ವಿಧೇಯತೆ ಎಂದು ಹೊಗಳುವುದು ದೊಡ್ಡ ತಪ್ಪು. ದಾಸತ್ವದ ಭಾವವನ್ನಲ್ಲ, ‘ಅಪ್ಪಾ, ತಂದೆಯೇ’ ಎಂದು ಕೂಗುವ ಮಕ್ಕಳ ಭಾವವನ್ನು ಹೊಂದಿದ್ದೀರಿ ಎನ್ನುತ್ತದೆ ರೋಮಾ 8:15. ಮಗುವಾದರೆ ಹೆದರಿದಾಗ ಕಿರುಚುತ್ತದೆ. ಕಿರುಚುವಷ್ಟು ಸಲುಗೆ ಉಳಿದಿದೆಯೇ ಎಂದು ನೋಡಬೇಕು.

ಶಾಂತಿ ಸೌಮ್ಯತೆಗೆ ಮತ್ತಾಯ 5:5ರಲ್ಲಿರುವ ಗ್ರೀಕ್ ಪದ ‘ಪ್ರಾಉಸ್’. ಇದು ಯುದ್ಧದ ಕುದುರೆಗೇ ಮೀಸಲಾದ ಪದವೆಂದು ಪ್ರಸಂಗಗಳಲ್ಲಿ ಕೇಳಿರಬಹುದು. ಅದು ಉತ್ಪ್ರೇಕ್ಷೆ, ಮನುಷ್ಯರಿಗೂ ಬೇರೆ ಪ್ರಾಣಿಗಳಿಗೂ ಅದು ಧಾರಾಳವಾಗಿ ಬಳಕೆಯಾಗಿದೆ. ಆದರೆ ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫೋನ್ ಕುದುರೆ ಮರಿಗೆ ಇದೇ ಪದ ಬಳಸಿರುವುದು ನಿಜ, ಮತ್ತು ಸಂದರ್ಭ ಸ್ವಾರಸ್ಯವಾಗಿದೆ. ಪಳಗಿಸುವವನ ಕೈಗೆ ಕೊಡುವ ಮುಂಚೆಯೇ ಮರಿ ಸೌಮ್ಯವಾಗಿರಬೇಕು, ಅದಕ್ಕೆ ಉಪಾಯವೆಂದರೆ ಹಸಿವು, ಬಾಯಾರಿಕೆ, ನೊಣದ ಕಾಟವೆಲ್ಲ ಒಂಟಿಯಾಗಿದ್ದಾಗ ಬರುತ್ತದೆ, ಮೇವು, ನೀರು, ಬಿಡುಗಡೆ ಮನುಷ್ಯನಿಂದ ಬರುತ್ತದೆ ಎಂದು ಅದಕ್ಕೆ ಗೊತ್ತಾಗುವಂತೆ ನೋಡಿಕೊಳ್ಳುವುದು ಎನ್ನುತ್ತಾನೆ. ಸೌಮ್ಯತೆ ಹುಟ್ಟುವುದು ಚಾವಟಿಯಿಂದಲ್ಲ, ಮೇವಿನ ತೊಟ್ಟಿಯ ಬಳಿ. ‘ನನ್ನ ಬಳಿಗೆ ಬನ್ನಿರಿ’ ಎನ್ನುವ ಮತ್ತಾಯ 11:28–29ರಲ್ಲಿ ಯೇಸು ತನ್ನನ್ನು ಕರೆದುಕೊಳ್ಳುವುದೂ ಪ್ರಾಉಸ್ ಎಂದೇ.

ವಾರದ ಅಭ್ಯಾಸ: ದೇವರು ಕೇಳುತ್ತಿದ್ದಾನೆ ಎಂದು ತಿಳಿದೂ ಭಯದಿಂದ ಹೋಗದ ಒಂದು ಜಾಗ ಅಥವಾ ಒಬ್ಬ ವ್ಯಕ್ತಿಯನ್ನು ಹೆಸರಿಸಿ. ತಲೆ ಮೇಲೇಳುವ ಗೆರೆ ಎಲ್ಲಿದೆ? ಕ್ಷಮಿಸಬೇಕಾದವರ ಮನೆಗೆ ಹೋಗುವುದು ಕಷ್ಟವೆಂದರೆ ಅವರಿಗಾಗಿ ಒಂದು ಸಾಲಿನ ಪ್ರಾರ್ಥನೆ ಮಾಡಲಾಗುತ್ತದೆಯೇ? ಆ ಗೆರೆಗೆ ಹೋಗಿ ನಿಲ್ಲಿ, ಮಾರ್ಕ 9:24ರಲ್ಲಿ ಮಗನನ್ನು ಯೇಸುವಿನ ಬಳಿಗೆ ತಂದ ತಂದೆಯ ಪ್ರಾರ್ಥನೆಯನ್ನು ಹೇಳಿ: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು. ಹಿಂಸೆ ಮಾಡಿದವರ ಬಳಿಗೆ ಹಿಂದಿರುಗುವುದು ಈ ಅಭ್ಯಾಸದಲ್ಲಿ ಸೇರಿಲ್ಲ. ಕುದುರೆಯನ್ನೂ ಹಾವಿನ ಹುತ್ತದ ಮೇಲೆ ನಡೆಸುವುದಿಲ್ಲ.

4. ಕಡಿವಾಣ ಮತ್ತು ನಾಲಿಗೆ

ಕಡಿವಾಣ ಎಂದರೆ ತಡೆ ಎಂಬ ಅರ್ಥ ನಮ್ಮ ಮಾತಿನಲ್ಲಿ ನಿಂತುಬಿಟ್ಟಿದೆ, ಪತ್ರಿಕೆಗಳ ಕೃಪೆ. ಯಾಕೋಬ 3:3ರಲ್ಲಿ ಅದು ತಡೆಯಲ್ಲ, ಇಡೀ ಶರೀರವನ್ನು ತಿರುಗಿಸುವ ಸಾಧನ. ಕೈಯಲ್ಲಿ ಹಿಡಿದು ನೋಡಲಿ ಎಲ್ಲರೂ: ಒಂದು ಗೇಣು ಕೂಡ ಇಲ್ಲದ ಕಬ್ಬಿಣ. ಕುದುರೆಯ ಮುಂಬಲ್ಲಿಗೂ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗವಿದೆ, ಕಡಿವಾಣ ಕೂರುವುದು ಅಲ್ಲಿ, ನಾಲಿಗೆಯ ಮೇಲೆ. ಬಾಯಿಯ ಮೂಲೆಯಲ್ಲಿ ಒಂದೆರಡು ಸುಕ್ಕು ಕಾಣುವಷ್ಟು ಎತ್ತರಕ್ಕಿರಬೇಕು. ಸುಕ್ಕೇ ಇಲ್ಲದಿದ್ದರೆ ಸಡಿಲವಾಗಿ ಹಲ್ಲಿಗೆ ಬಡಿಯುತ್ತದೆ, ಮೂರು ನಾಲ್ಕಾದರೆ ಬಾಯಿ ಸದಾ ಎಳೆದಂತಿರುತ್ತದೆ. ಮೂಗುಪಟ್ಟಿಯ ಕೆಳಗೆ, ಮೂಗಿನ ಮೂಳೆಯ ಮೇಲೆ, ಎರಡು ಬೆರಳು ಸಲೀಸಾಗಿ ತೂರಬೇಕು. ಬಾಯಿ ತೆರೆಯದಂತೆ ಬಿಗಿದರೆ ನೋವು ಕಾಣಿಸುವುದಿಲ್ಲ, ಹೋಗುವುದೂ ಇಲ್ಲ.

ಕಡಿವಾಣ ಹಾಕಿದ ಕುದುರೆ ತಲೆ ಕೊಡವಿದರೆ ಹಠಮಾರಿ ಎನ್ನುವ ಮುನ್ನ ಅನುಭವಿಗಳು ಒಂದು ಸುತ್ತು ತಪಾಸಣೆ ಮಾಡುತ್ತಾರೆ. ಹಲ್ಲು ಚೂಪಾಗಿ ಕೆನ್ನೆ ಕೊರೆಯುತ್ತಿದೆಯೇ, ಕಡಿವಾಣ ತಾಗುವಲ್ಲಿ ಸಣ್ಣ ಹೆಚ್ಚುವರಿ ಹಲ್ಲಿದೆಯೇ, ಜೀನು ಭುಜದ ಮೂಳೆಯ ಮೇಲೆ ಏರಿ ಕೂತಿದೆಯೇ, ಹೊಟ್ಟೆಪಟ್ಟಿಯನ್ನು ಒಂದೇ ಸಲಕ್ಕೆ ಬಿಗಿದರೇ, ಬೆನ್ನು ಒತ್ತಿದರೆ ಕುಗ್ಗುತ್ತದೆಯೇ. ಇವೆಲ್ಲ ಸರಿಯಿದ್ದ ಮೇಲಷ್ಟೇ ಶಿಸ್ತಿನ ಮಾತು. ಸಾಯಲು ಬಯಸಿ ಮಲಗಿದ ಪ್ರವಾದಿ ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ರೊಟ್ಟಿ, ನೀರು, ನಿದ್ದೆ, ಅದೂ ಎರಡು ಸಲ. ‘ಇಲ್ಲೇನು ಮಾಡುತ್ತೀ’ ಎಂಬ ಪ್ರಶ್ನೆ ಬಂದದ್ದು ನಲವತ್ತು ದಿನ ಕಳೆದ ಮೇಲೆ (1 ಅರಸುಗಳು 19). ಆರಾಧನೆಗೆ ಬಾರದವರನ್ನು ಅವಿಧೇಯರೆಂದು ಪಟ್ಟಿ ಮಾಡುವ ಮುಂದಾಳುಗಳು ಮೊದಲು ಹಲ್ಲು ನೋಡುವ ಕೆಲಸ ಮಾಡಲಿ: ಸಾಲವೋ, ಕಾಯಿಲೆಯೋ, ಮನೆಯಲ್ಲಿ ಹೊಡೆತವೋ.

ವಯಸ್ಸಿನ ಮಾತೂ ಇಲ್ಲಿಯೇ ಬರುತ್ತದೆ. ಕುದುರೆಯ ಬೆನ್ನುಮೂಳೆಯ ಬೆಳವಣಿಗೆ ಮುಗಿಯಲು ಐದೂವರೆ ಆರು ವರ್ಷ ಬೇಕು. ಮೂರನೆಯ ವರ್ಷದ ಹೊತ್ತಿಗೆ ಹಗುರ ಸವಾರಿ ಶುರುಮಾಡುವವರೂ ಹೆಚ್ಚು ಭಾರ ಹೇರುವುದಿಲ್ಲ. ಹೊಸದಾಗಿ ನಂಬಿಕೆಗೆ ಬಂದವರನ್ನು ಹುದ್ದೆಗೆ ಏರಿಸಬೇಡ ಎಂದು 1 ತಿಮೊಥೆಯ 3:6 ಹೇಳುತ್ತದೆ. ಹಾಡಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಆರು ತಿಂಗಳಲ್ಲಿ ಯುವಕನೊಬ್ಬನಿಗೆ ಆರಾಧನೆಯ ಜವಾಬ್ದಾರಿ ಹೊರಿಸಿದರೆ ಬಗ್ಗುವುದು ಅವನ ಬೆನ್ನು.

ವಾರದ ಅಭ್ಯಾಸ: ಏಳು ದಿನ, ಅಲ್ಲಿಲ್ಲದವರ ಬಗ್ಗೆ ಮಾತಿಲ್ಲ. ತಪ್ಪಿದಾಗ ಚೀಟಿಯಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಎಣಿಸಿ ಗುಂಪಿನಲ್ಲಿ ಹೇಳಬೇಕಾಗಿಲ್ಲ.

5. ಹಿಂಡು ಬಿಟ್ಟು ಹೋಗುವುದು

ಇದು ಚಿಕ್ಕ ಹೆಜ್ಜೆ. ಜೊತೆಗಾರ ಕುದುರೆ ಕಾಣದಾದ ಕೂಡಲೇ ಕೆನೆದು, ಬೆವರಿ, ಲಾಯದ ಕಡೆಗೇ ತಿರುಗುವ ಕುದುರೆಗಳಿವೆ. ಅದನ್ನು ಎಳೆದುಕೊಂಡು ದೂರ ಹೋಗುವುದಿಲ್ಲ. ಹತ್ತು ಮೀಟರ್ ಹೋಗಿ, ಅಲ್ಲಿ ಬಿಡುವು ಕೊಟ್ಟು, ಹಿಂದಿರುಗುತ್ತಾರೆ, ದುಡಿಸುವುದು ಹಿಂಡಿನ ಬಳಿ. ದಿನದಿನಕ್ಕೆ ದೂರ ಹೆಚ್ಚುತ್ತದೆ. ಎಲ್ಲಿಗೆ ಹೋಗುತ್ತೇನೆಂದು ತಿಳಿಯದೆ ಹೊರಟ ಅಬ್ರಹಾಮನನ್ನು (ಇಬ್ರಿಯ 11:8) ಇಲ್ಲಿ ಓದಿ. ವಾರಕ್ಕೊಮ್ಮೆ ಒಂದು ಗಂಟೆ, ಫೋನಿಲ್ಲದೆ, ಜೊತೆಯಿಲ್ಲದೆ ಪ್ರಾರ್ಥನೆಗೆ ಹೋಗಿ. ಮೊದಲ ಸಲ ಹದಿನೈದು ನಿಮಿಷಕ್ಕೇ ಎದ್ದುಬಂದರೆ ಅದೇ ನಿಮ್ಮ ಹತ್ತು ಮೀಟರ್.

6. ಯಾರೂ ನೋಡದಿದ್ದಾಗ

1904ರ ಸುಮಾರಿಗೆ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂದು ಪ್ರಸಿದ್ಧವಾಗಿತ್ತು. ಪ್ರಶ್ನೆ ಕೇಳಿದರೆ ಗೊರಸಿನಿಂದ ನೆಲ ತಟ್ಟಿ ಉತ್ತರ ಹೇಳುತ್ತಿತ್ತು. ಒಡೆಯ ವಿಲ್ಹೆಲ್ಮ್ ಫಾನ್ ಓಸ್ಟೆನ್ ಮೋಸಗಾರನಾಗಿರಲಿಲ್ಲ. ಆಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಪರೀಕ್ಷಿಸಿ 1907ರಲ್ಲಿ ಗುಟ್ಟು ಬಯಲು ಮಾಡಿದ. ಪ್ರಶ್ನೆ ಕೇಳುವವನಿಗೆ ಉತ್ತರ ಗೊತ್ತಿಲ್ಲದಿದ್ದರೆ, ಅಥವಾ ಅವನು ಕುದುರೆಗೆ ಕಾಣದಿದ್ದರೆ, ಹಾನ್ಸ್ ತಪ್ಪುತ್ತಿತ್ತು. ಸರಿಯಾದ ಎಣಿಕೆ ಬಂದಾಗ ಎದುರಿಗಿದ್ದವನ ತಲೆ ತನಗೇ ತಿಳಿಯದೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅಲ್ಲಿಗೆ ತಟ್ಟುವುದನ್ನು ನಿಲ್ಲಿಸುತ್ತಿತ್ತು.

ಕುದುರೆಯ ಮಟ್ಟಿಗೆ ಅದು ಅದ್ಭುತ ಗಮನ. ನಮ್ಮ ಮಟ್ಟಿಗೆ ಅದು ಎಫೆಸ 6:6 ಎಚ್ಚರಿಸುವ, ಮನುಷ್ಯರ ಕಣ್ಣಮುಂದೆ ಮಾತ್ರ ನಡೆಯುವ ಸೇವೆ. ಸಭೆಯ ಮುಖಭಾವ ಓದಿ ಸರಿಯಾದ ಜಾಗದಲ್ಲಿ ‘ಆಮೆನ್’ ಹೇಳುವುದು ಬೇಗ ಕಲಿಯುವ ವಿದ್ಯೆ. ಪ್ರಶ್ನೆ ಕೇಳುವವರನ್ನು ಮರೆಮಾಡಿ ನೋಡಿ: ಈ ವಾರ ಒಂದು ಒಳ್ಳೆಯ ಕೆಲಸ ಮಾಡಿ, ಮಾಡಿದವರು ನೀವೆಂದು ಯಾರಿಗೂ, ಗುಂಪಿಗೂ, ತಿಳಿಯಬಾರದು. ಮತ್ತಾಯ 6:3 ಇದಕ್ಕೆ ಆಧಾರ. ಅನುಭವ ಹಂಚಿಕೊಳ್ಳುವ ಹೊತ್ತಿನಲ್ಲಿ ಈ ಅಭ್ಯಾಸದ ವರದಿ ಕೇಳಬಾರದು, ಮುಂದಾಳುಗಳು ಇಲ್ಲೇ ಮರೆತು ಕೆಡಿಸುತ್ತಾರೆ.

7. ಹಗ್ಗ ಬಿಚ್ಚುವುದು

ಕೊನೆಯ ಭೇಟಿಗೆ ಮುನ್ನ ಹೋಲಿಕೆಯ ಮಿತಿಯನ್ನು ಹೇಳಿಬಿಡಬೇಕು. ಇಲ್ಲಿ ಹಗ್ಗ ಹಿಡಿದವನ ಜಾಗದಲ್ಲಿರುವುದು ದೇವರು. ಸಭಾಪಾಲಕರಲ್ಲ, ಗಂಡನಲ್ಲ, ಶಿಬಿರದ ಮುಂದಾಳುವೂ ಅಲ್ಲ. ಅವರೂ ಹಾಲ್ಟರ್ ಹಾಕಿಸಿಕೊಂಡವರೇ. ದೊರೆತನ ಮಾಡಬೇಡಿ, ಮಾದರಿಯಾಗಿರಿ ಎಂಬ 1 ಪೇತ್ರ 5:3ನ್ನು ಅವರೇ ಎದ್ದುನಿಂತು ಓದಲಿ. ಮೇವಿನ ವಿಷಯದಲ್ಲೂ ಒಂದು ಎಚ್ಚರ: ಪಾಠ ಕೆಟ್ಟ ದಿನ ಮೇವು ಕಡಿಮೆ ಹಾಕುವ ಲಾಯ ಒಳ್ಳೆಯ ಲಾಯವಲ್ಲ. ಎಫೆಸ 2:8–10ರ ಕ್ರಮವೂ ಹಾಗೇ, ಕೃಪೆ ಮೊದಲು, ಕೆಲಸ ಆಮೇಲೆ.

ಮಾರ್ಕ 11:2ರಲ್ಲಿ ಯೇಸು ಯಾರೂ ಇನ್ನೂ ಹತ್ತದ ಕತ್ತೆಮರಿಯನ್ನು ತರಿಸುತ್ತಾನೆ. ಪಳಗಿಸುವವರ ಕಣ್ಣಿಗೆ ಮುಂದಿನ ದೃಶ್ಯ ನಂಬಲಾಗದ್ದು: ಬೆನ್ನಿಗೆ ಅಪರಿಚಿತ ಬಟ್ಟೆ, ನೆಲಕ್ಕೆ ಹಾಸಿದ ಬಟ್ಟೆ ಮತ್ತು ಹಸಿರು ಟೊಂಗೆ, ಸುತ್ತ ಕೂಗುವ ಜನ. ಮೂರನೆಯ ಹೆಜ್ಜೆಯ ತಾಡಪಾಲು ನೆನಪಿದೆಯಲ್ಲ? ತಾಯಿಕತ್ತೆಯನ್ನೂ ಜೊತೆಗೆ ತಂದರು ಎಂಬುದನ್ನು ಮತ್ತಾಯ 21:2, 7 ಬಿಡದೆ ಬರೆದಿದೆ. ಮರಿಯನ್ನು ಮೊದಲ ಸಲ ಗದ್ದಲಕ್ಕೆ ಒಯ್ಯುವವರು ಇಂದಿಗೂ ಶಾಂತವಾದ ದೊಡ್ಡ ಪ್ರಾಣಿಯೊಂದನ್ನು ಪಕ್ಕದಲ್ಲಿ ನಡೆಸುತ್ತಾರೆ. ಕತ್ತೆಯೇರಿ ಬರುವ ಯೇಸುವನ್ನು ಅರಸನೆಂದು ವರ್ಣಿಸುವಾಗ ಮತ್ತಾಯ 21:5 ಬಳಸುವ ಪದ ಮತ್ತೆ ಪ್ರಾಉಸ್.

ಈಗ ಅಂಗಳಕ್ಕೆ. ನೋಡಿಕೊಳ್ಳುವವರು ಆವರಣದ ಒಳಗೆ ಹಾಲ್ಟರ್ ಬಿಚ್ಚಿ ಬಾಗಿಲು ಮುಚ್ಚಲಿ. ಕುದುರೆಯ ಭುಜದ ಪಕ್ಕ ಒಂದು ನಿಮಿಷ ನಿಂತು, ಏನೂ ಹೇಳದೆ, ಹಿಂದಿರುಗಿ ನೋಡದೆ ನಡೆಯಲಿ. ಎಡಕ್ಕೆ ತಿರುಗಿ, ನಿಂತು, ಮತ್ತೆ ನಡೆಯಲಿ. ಗುಂಪು ಬೇಲಿಯ ಹೊರಗೆ, ಮಾತಿಲ್ಲದೆ, ಮೊದಲ ದಿನದ ಹಾಗೆ ಕಿವಿ ನೋಡುತ್ತಿರಲಿ. ಕುದುರೆ ಹಿಂಬಾಲಿಸಿದರೆ ಚಪ್ಪಾಳೆ ಬೇಡ, ಬೆಚ್ಚುತ್ತದೆ. ಹಿಂಬಾಲಿಸದೆ ಹುಲ್ಲಿನ ಕಡೆ ಹೋದರೆ ಕರೆಯಬೇಡಿ, ಅಟ್ಟಬೇಡಿ. ಅದಕ್ಕೆ ತೋರುವ ಕಡೆ ಭುಜ ಓರೆಮಾಡಿ ನಿಂತು ಹತ್ತು ನಿಮಿಷ ಕಾಯಿರಿ. ಬಂದರೂ ಬಾರದಿದ್ದರೂ ಅದರ ಪಾಲಿನ ನೀರು ಮೇವು ಇಟ್ಟು, ಹೊಟ್ಟೆಪಟ್ಟಿ ಕೂರುವ ಜಾಗದಲ್ಲಿ ಚರ್ಮ ಉಜ್ಜಿದೆಯೇ ನೋಡಿ, ಗೊರಸಿನ ಅಡಿಯ ಕಲ್ಲು ತೆಗೆದು, ಕೀರ್ತನೆಯ 8ನೇ ವಚನವನ್ನು ಒಬ್ಬರು ಓದಿ, ಎಲ್ಲರೂ ಮನೆಗೆ ಹೋಗಬಹುದು.